ಇನ್ನೊಂದು ಯಂತ್ರ ಕೊಳ್ಳುವ ಮುಂಚೆ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಫೋಟೊ ನೋಡಿದೆ. ಮೇಲೆ ಕರಿ, ಒಳಗೆ ಹಸಿ, ಎತ್ತಿ ಹೊಡೆದರೆ ತಲೆ ಒಡೆಯುವಂಥ ಬ್ರೆಡ್. ನಗಬಾರದು ಅಂದುಕೊಂಡೇ ನಕ್ಕುಬಿಟ್ಟೆ. ಆದರೆ ಕೆಳಗೆ ಬರೆದಿದ್ದೀಯಲ್ಲ, ‘ದೊಡ್ಡಮ್ಮ, ಈ ಓಟಿಜಿ ಓವನ್ ಸರಿಯಿಲ್ಲ, ಬ್ರೆಡ್ ಮೇಕರ್ ತಗೊಂಡುಬಿಡ್ಲಾ?’ ಅಂತ, ಅದಕ್ಕೇ ಈ ಪತ್ರ. ಈಗಲೇ ಬೇಡ.

ನನ್ನ ಮೊದಲ ಬ್ರೆಡ್ ಇದಕ್ಕಿಂತ ಕೆಟ್ಟದಾಗಿತ್ತು. ಈಸ್ಟಿಗೆ ಬಿಸಿ ನೀರು ಬೇಕು ಅಂತ ಯಾರೋ ಹೇಳಿದ್ದರು. ನಾನು ಹಬೆ ಏಳುತ್ತಿದ್ದ ನೀರನ್ನೇ ಸುರಿದೆ. ಎರಡು ಗಂಟೆ ಬಟ್ಟೆ ಎತ್ತಿ ಎತ್ತಿ ನೋಡಿದೆ, ಹಿಟ್ಟು ಮಿಸುಕಲಿಲ್ಲ. ಈಸ್ಟ್ ಅಂದರೆ ಜೀವ ಕಣೇ. 60 ಡಿಗ್ರಿ ಹತ್ತಿರ ಹೋದರೆ ಸತ್ತೇ ಹೋಗುತ್ತದೆ. ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟುಕೊಂಡರೆ ಸುಡಲೂಬಾರದು, ಚಳಿ ಅನ್ನಿಸಲೂಬಾರದು, ಅಂಥ ನೀರು ಸಾಕು. ಅವತ್ತು ನಾನೂ ಬೈದದ್ದು ಓವನ್ನಿಗೇ. ಅದನ್ನು ಇನ್ನೂ ಹಚ್ಚಿಯೇ ಇರಲಿಲ್ಲ!

ನಿನ್ನ ಓಟಿಜಿಯದ್ದು ಹೊಟ್ಟೆ ಚಿಕ್ಕದು. ಬ್ರೆಡ್ ಒಳಗೆ ಹೋದ ಮೇಲೂ ಉಬ್ಬುತ್ತದೆ, ಅದರ ನೆತ್ತಿ ಹೋಗಿ ಮೇಲಿನ ರಾಡಿನ ಹತ್ತಿರ ನಿಲ್ಲುತ್ತದೆ. ಕರಿಯಾಗದೆ ಇನ್ನೇನಾಗಬೇಕು? ಟಿನ್ನನ್ನು ಕೆಳಗಿನ ಸಾಲಿನಲ್ಲಿ ಇಡು. ಮೇಲೆ ಚೆನ್ನಾಗಿ ಬಣ್ಣ ಬಂದ ಕೂಡಲೇ ಒಂದು ಫಾಯಿಲ್ ಹಾಳೆ ಸಡಿಲವಾಗಿ ಹೊದಿಸು, ರಾಡಿಗೆ ತಾಗದ ಹಾಗೆ. ತಿರುಗಿಸುವ ಗುಂಡಿಯ ಮೇಲಿನ ಅಂಕಿಯನ್ನಂತೂ ನಂಬಲೇಬೇಡ. ನನ್ನದರಲ್ಲಿ 200ಕ್ಕೆ ಇಟ್ಟರೆ ಒಳಗೆ 225 ಇರುತ್ತದೆ. ಒಂದು ಓವನ್ ಥರ್ಮಾಮೀಟರ್ ಒಳಗಿಟ್ಟ ದಿನ ಈ ಗುಟ್ಟು ತಿಳಿಯಿತು, ಅದುವರೆಗೆ ಸುಟ್ಟದ್ದೆಲ್ಲ ನನ್ನ ಹಣೆಬರಹ ಅಂದುಕೊಂಡಿದ್ದೆ. ಬೆಂದಿದೆಯೋ ಇಲ್ಲವೋ ನೋಡಲು ಕಡ್ಡಿಯಂಥ ಥರ್ಮಾಮೀಟರ್ ಬೇರೆ ಸಿಗುತ್ತದೆ. ಬ್ರೆಡ್ಡಿನ ನಡುವಿಗೆ ಚುಚ್ಚಿದಾಗ 93ರಿಂದ 96 ತೋರಿಸಿದರೆ ಆಯ್ತು.

ಇನ್ನೊಂದು, ಕಪ್ಪಿನಲ್ಲಿ ಅಳೆಯುವುದನ್ನು ಬಿಡು. ಉದುರಿಸಿ ತುಂಬಿದರೆ ಒಂದು ಕಪ್ ಮೈದಾ 120 ಗ್ರಾಂ, ಡಬ್ಬಿಯೊಳಗೆ ಅದ್ದಿ ಒತ್ತಿ ತೆಗೆದರೆ 150 ಗ್ರಾಂ. ನಾಲ್ಕು ಕಪ್ಪಿಗೆ ಎಷ್ಟಾಯಿತು ಲೆಕ್ಕ ಹಾಕು. ನಿನ್ನ ಬ್ರೆಡ್ ಇಟ್ಟಿಗೆಯಾದದ್ದು ಬಹುಶಃ ಅಲ್ಲೇ. ಚಿಕ್ಕ ಡಿಜಿಟಲ್ ತಕ್ಕಡಿ ತಗೋ. 500 ಗ್ರಾಂ ಮೈದಾಗೆ 325 ಗ್ರಾಂ ನೀರು, 10 ಗ್ರಾಂ ಉಪ್ಪು, 5 ಗ್ರಾಂ ಇನ್‌ಸ್ಟಂಟ್ ಈಸ್ಟ್. ಗೋಧಿ ಹಿಟ್ಟು ಬೆರೆಸಿದರೆ ನೀರು ಜಾಸ್ತಿ ಕುಡಿಯುತ್ತದೆ.

ಬ್ರೆಡ್ ಮೇಕರ್ ಮೇಲೆ ನನಗೇನೂ ಸಿಟ್ಟಿಲ್ಲ. ಅದು ಹುಟ್ಟಿದ ಕಥೆ ನನಗೆ ತುಂಬಾ ಇಷ್ಟ. ಜಪಾನಿನ ಮಾತ್ಸುಶಿತಾ ಕಂಪನಿಯವರ ಯಂತ್ರ ಮೊದಮೊದಲು ಎಷ್ಟು ತಿರುವಿದರೂ ಹಿಟ್ಟು ಸರಿಯಾಗಿ ನಾದುತ್ತಿರಲಿಲ್ಲವಂತೆ. ಆ ಕಂಪನಿಯ ಇಕುಕೊ ತನಾಕಾ ಅನ್ನುವವರು ಒಸಾಕಾದ ಒಂದು ಹೋಟೆಲಿನ ಮುಖ್ಯ ಬೇಕರ್ ಹತ್ತಿರ ಹೋಗಿ ಕೆಲಸ ಕಲಿತರು. ಆತ ಹಿಟ್ಟನ್ನು ಬರೀ ತಿರುವುತ್ತಿರಲಿಲ್ಲ, ತಿರುಚುತ್ತಾ ಎಳೆಯುತ್ತಿದ್ದ. ಆ ಎಳೆತಕ್ಕಾಗಿ ಡಬ್ಬಿಯ ಒಳಗೋಡೆಗೆ ಉಬ್ಬುಗೆರೆಗಳಂಥ ಏಣುಗಳನ್ನು ಕೂರಿಸಿದರು, 1987ರಲ್ಲಿ ಯಂತ್ರ ಮಾರುಕಟ್ಟೆಗೆ ಬಂತು. ನೋಡು, ಯಂತ್ರವೇ ಕೈಯಿಂದ ಕಲಿತದ್ದು. ಅದು ನಿನ್ನ ಬದಲು ನಾದುತ್ತದೆ, ನಿನ್ನ ಬದಲು ನೋಡುವುದಿಲ್ಲ. ಮುಂದೆ ಕೊಂಡರೂ ನಾದಲು ಶುರುವಾದ ಐದು ನಿಮಿಷಕ್ಕೆ ಮುಚ್ಚಳ ತೆಗೆದು ಇಣುಕು. ಗೋಡೆಗೆ ಮೆತ್ತಿಕೊಂಡಿದ್ದರೆ ಒಂದು ಚಮಚ ಹಿಟ್ಟು, ಉಂಡೆ ಬಿರುಕು ಬಿಟ್ಟಿದ್ದರೆ ಒಂದು ಚಮಚ ನೀರು.

ನೀನು ಏರ್ ಫ್ರೈಯರ್ ಬಗ್ಗೆಯೂ ಕೇಳಿದ್ದೆ. ಹೆಸರಷ್ಟೇ ಫ್ರೈಯರ್, ಅದು ಫ್ಯಾನ್ ಇರುವ ಪುಟ್ಟ ಓವನ್. ಓವನ್ ರೆಸಿಪಿಗಿಂತ 15–20 ಡಿಗ್ರಿ ಕಡಿಮೆ ಇಡು, ಬೇಗ ಇಣುಕು. ಮೈಕ್ರೋವೇವ್‌ನಲ್ಲಿ ಬ್ರೆಡ್ ಮಾಡಲು ಹೋಗಬೇಡ, ಬಣ್ಣ ಬರುವುದಿಲ್ಲ.

ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಸ್ಲೋ ಕುಕ್ಕರ್ ವಿಷಯದಲ್ಲಿ ಮಾತ್ರ ನನ್ನ ಮಾತು ಮೀರಬೇಡ. ಒಣ ರಾಜ್ಮಾವನ್ನು ನೇರವಾಗಿ ಅದಕ್ಕೆ ಹಾಕಬಾರದು. ಆ ಕಾಳಿನಲ್ಲಿ ಒಂದು ವಿಷದ ಅಂಶ ಇದೆ, ಸಣ್ಣ ಬಿಸಿಗೆ ಅದು ಹೋಗುವುದಿಲ್ಲ, ವಾಂತಿ ಭೇದಿ ಶುರುವಾಗುತ್ತದೆ. ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಹತ್ತು ನಿಮಿಷವಾದರೂ ಕೊತಕೊತ ಕುದಿಸಿ, ಆಮೇಲೆ ಹಾಕು. ಮತ್ತೆ ಇವೆಲ್ಲ ಕರೆಂಟು ಎಳೆಯುವ ಸಾಮಾನು. ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಎರಡೆರಡು ಚುಚ್ಚಬೇಡ.

ಬ್ರೆಡ್ ಹೊರಗೆ ಬಂದ ಮೇಲೆ ಒಂದು ಗಂಟೆ ಮುಟ್ಟಬೇಡ, ಬಿಸಿಯಲ್ಲೇ ಕೊಯ್ದರೆ ಒಳಗೆ ಅಂಟಂಟು. ಕಷ್ಟ ಅಂತ ಗೊತ್ತು, ಆ ವಾಸನೆಗೆ ನಾನೇ ಎಷ್ಟೋ ಸಲ ಸೋತಿದ್ದೇನೆ. ಉಳಿದದ್ದನ್ನು ಫ್ರಿಜ್‌ನಲ್ಲಿ ಇಡಬೇಡ, ಹೊರಗಿಗಿಂತ ಬೇಗ ಬಿರುಸಾಗುತ್ತದೆ. ಹೋಳು ಮಾಡಿ ಫ್ರೀಜರಿಗೆ ಹಾಕು.

ಮುಂದಿನ ಸಲ ಫೋಟೊ ಕಳಿಸುವಾಗ ಕೊಯ್ದ ಮುಖ ತೋರಿಸು. ಗುಂಡಿ ಎಷ್ಟಕ್ಕೆ ಇಟ್ಟಿದ್ದೆ, ಥರ್ಮಾಮೀಟರ್ ಎಷ್ಟು ತೋರಿಸಿತು, ಎರಡನ್ನೂ ಬರೆದು ಕಳಿಸು.

ನಿನ್ನ,
ದೊಡ್ಡಮ್ಮ