ತಾಲೂಕು ದವಾಖಾನೆಯ ಪೊಲೀಸ್ ಹೊರಠಾಣೆ ಮತ್ತು ಬಾಗಿಲು ಕಾವಲಿಗೆ ದೇಣಿಗೆ ಮನವಿ

ಶರಣು ಶರಣಾರ್ಥಿಗಳು.

ಬಾಗಲಕೋಟೆ ಜಿಲ್ಲೆಯ ನಮ್ಮ ತಾಲೂಕಿನ ಸರ್ಕಾರಿ ದವಾಖಾನೆಯಲ್ಲಿ ಪೊಲೀಸ್ ಹೊರಠಾಣೆಗೆ ಒಂದು ಕೊಠಡಿ, ತುರ್ತು ಚಿಕಿತ್ಸಾ ವಿಭಾಗಕ್ಕೂ ಹೆರಿಗೆ ವಾರ್ಡಿಗೂ ಬಾಗಿಲು ಕಾವಲು, 16 ಕ್ಯಾಮೆರಾ ಮತ್ತು ಬೆಂಕಿ ನಂದಿಸುವ ಸಲಕರಣೆ ಒದಗಿಸಲು ಟ್ರಸ್ಟ್ ನಿರ್ಧರಿಸಿದೆ. ಮೊದಲ ವರ್ಷದ ಖರ್ಚು 21,12,000 ರೂಪಾಯಿ. ಹೊರಠಾಣೆಯ ಪೊಲೀಸರ ಸಂಬಳ ಸರ್ಕಾರದ್ದು. ನಿಮ್ಮ ದೇಣಿಗೆಯ ಒಂದು ಪೈಸೆಯೂ ಅದಕ್ಕೆ ಹೋಗುವುದಿಲ್ಲ, ಹೋಗಲೂಬಾರದು. ಕೊಠಡಿ, ಸಾಮಾನು, ಕಾವಲಿನವರ ಸಂಬಳ ಇಷ್ಟು ಮಾತ್ರ ನಮ್ಮ ಜವಾಬ್ದಾರಿ.

ಕಬ್ಬಿನ ಹಂಗಾಮು ಶುರುವಾದರೆ ಮುಧೋಳ, ಜಮಖಂಡಿ, ಬೀಳಗಿ ಕಡೆಯ ರಸ್ತೆಗಳ ಸ್ಥಿತಿ ನಿಮಗೆಲ್ಲ ಗೊತ್ತಿದೆ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರಿಗೆ ಹಿಂದೆ ದೀಪ ಇರುವುದಿಲ್ಲ, ಕತ್ತಲಲ್ಲಿ ಬೈಕು ಹೋಗಿ ಹಿಂಬದಿಗೆ ಬಡಿಯುತ್ತದೆ. ಒಬ್ಬ ಗಾಯಾಳುವಿನ ಹಿಂದೆ ಇಡೀ ಓಣಿಯೇ ದವಾಖಾನೆಗೆ ಬರುತ್ತದೆ. ಒಳಗೆ ರಾತ್ರಿ ಪಾಳಿಯಲ್ಲಿರುವವರು ಒಬ್ಬ ವೈದ್ಯರು, ಒಬ್ಬರು ನರ್ಸು. ಬಂದವರೆಲ್ಲ ಮಂಚದ ಸುತ್ತ ನಿಂತರೆ ಸಲಾಯಿನ್ ಹಚ್ಚಲು ಕೈ ಆಡಿಸುವಷ್ಟು ಜಾಗ ಉಳಿಯುವುದಿಲ್ಲ. ಏನಾಗುತ್ತಿದೆ ಎಂದು ಹೊರಗೆ ಹೇಳುವವರು ಯಾರೂ ಇಲ್ಲದಿದ್ದರೆ ಅರ್ಧ ತಾಸಿನಲ್ಲಿ ಧ್ವನಿ ಏರುತ್ತದೆ, ಆಮೇಲೆ ಗಾಜು ಒಡೆಯುತ್ತದೆ. ದವಾಖಾನೆಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರಿಂದಲೇ ಪ್ರತ್ಯೇಕ ಕಾಯ್ದೆ ಇದೆ, ಅಂಥ ಹಲ್ಲೆ ಜಾಮೀನುರಹಿತ ಅಪರಾಧವೂ ಹೌದು. ಆದರೆ ಕಾಯ್ದೆ ಕೆಲಸಕ್ಕೆ ಬರುವುದು ಹಲ್ಲೆ ನಡೆದ ಮೇಲೆ. ಅದಕ್ಕೂ ಮೊದಲು ಬೇಕಾದದ್ದು ಬಾಗಿಲಲ್ಲಿ ನಿಂತು, ರೋಗಿಯ ಜೊತೆ ಇಬ್ಬರನ್ನಷ್ಟೇ ಒಳಗೆ ಬಿಟ್ಟು, ಹದಿನೈದು ನಿಮಿಷಕ್ಕೊಮ್ಮೆ ಒಳಗಿನ ಸುದ್ದಿಯನ್ನು ಹೊರಗೆ ಸಮಾಧಾನದಿಂದ ಹೇಳುವ ಮನುಷ್ಯ. ಲಾಠಿ ಬೀಸುವ ಕಾವಲುಗಾರ ನಮಗೆ ಬೇಡ.

ಈ ಕೆಲಸಕ್ಕೆ ಆರು ಮಂದಿಯನ್ನು ಇಟ್ಟುಕೊಳ್ಳುತ್ತೇವೆ, ಮಾಜಿ ಸೈನಿಕರಿಗೆ ಮೊದಲ ಆದ್ಯತೆ. ಆರು ಮಂದಿ ಯಾಕೆ ಎಂದು ಕೆಲವರು ಕೇಳಿದ್ದಾರೆ. ಲೆಕ್ಕ ಹೀಗಿದೆ: ತುರ್ತು ವಿಭಾಗದ ಬಾಗಿಲು ದಿನದ 24 ಗಂಟೆ ಅಂದರೆ ವಾರಕ್ಕೆ 168 ಗಂಟೆ, ಹೆರಿಗೆ ವಾರ್ಡಿನ ಬಾಗಿಲು ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ, ವಾರಕ್ಕೆ 112. ಒಟ್ಟು 280 ಗಂಟೆ. ಒಬ್ಬರಿಗೆ ವಾರದ ರಜೆ ಕೊಟ್ಟು 48 ಗಂಟೆ ಕೆಲಸವೆಂದರೆ ಆರು ಮಂದಿಗೆ 288 ಗಂಟೆ. ಐದೇ ಮಂದಿಯಲ್ಲಿ ಸುಧಾರಿಸಿದರೆ ಯಾರಾದರೊಬ್ಬರು ಎರಡು ಪಾಳಿ ಒಟ್ಟಿಗೆ ಮಾಡಬೇಕಾಗುತ್ತದೆ, ನಸುಕಿನ ನಾಲ್ಕಕ್ಕೆ ಅವರು ನಿದ್ದೆಗೆ ಜಾರುತ್ತಾರೆ. ತಿಂಗಳಿಗೆ ತಲಾ 22,000 ರೂಪಾಯಿ ಸಂಬಳದಂತೆ ವರ್ಷಕ್ಕೆ 15,84,000. ಒಟ್ಟು ಖರ್ಚಿನ ಮುಕ್ಕಾಲು ಪಾಲು ಇದೇ. ಆರರಲ್ಲಿ ಮೂವರು ಮಹಿಳೆಯರು. ಹೆರಿಗೆ ವಾರ್ಡಿನ ಬಾಗಿಲಿಗೆ ಮಹಿಳೆಯೇ ಇರಬೇಕು. ತಾಯಿಯ ಕೈಪಟ್ಟಿ, ಕೂಸಿನ ಕಾಲುಪಟ್ಟಿ ಎರಡರಲ್ಲೂ ಒಂದೇ ಸಂಖ್ಯೆ ಇದೆಯೇ ಎಂದು ನೋಡದೆ ಯಾವ ಕೂಸನ್ನೂ ಹೊರಗೆ ಬಿಡುವಂತಿಲ್ಲ, ಎತ್ತಿಕೊಂಡವರು ಅಜ್ಜಿಯೇ ಆಗಿರಲಿ.

ಈಗ ಹೊರಠಾಣೆಯ ಮಾತು. ಅಪಘಾತ, ಹೊಡೆದಾಟ, ಸುಟ್ಟಗಾಯ, ವಿಷ ಸೇವನೆ ಇವೆಲ್ಲ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಲೇಬೇಕಾದ ವೈದ್ಯಕೀಯ-ಕಾನೂನು ಪ್ರಕರಣಗಳು. ವೈದ್ಯರು ಚಿಕಿತ್ಸೆ ಶುರು ಮಾಡಿ ಪೊಲೀಸರಿಗೆ ಮೆಮೊ ಬರೆಯುತ್ತಾರೆ. ಮೆಮೊ ಒಯ್ಯಲು ರಾತ್ರಿ ಆಳು ಇಲ್ಲದಿದ್ದರೆ ಅದು ಪುಸ್ತಕದಲ್ಲೇ ಬೆಳಗು ಮಾಡುತ್ತದೆ. ಅಷ್ಟರಲ್ಲಿ ಗಾಯಾಳುವನ್ನು ಬಾಗಲಕೋಟೆಗೋ ಬೆಳಗಾವಿಗೋ ಕಳಿಸಿರುತ್ತಾರೆ, ಹೇಳಿಕೆ ಪಡೆಯಲು ಪೊಲೀಸರು ಊರೂರು ತಿರುಗಬೇಕು. ಆವರಣದಲ್ಲೇ ಹೊರಠಾಣೆ ಇದ್ದರೆ ಮೆಮೊ ತಲುಪಿದ ಗಂಟೆ, ನಿಮಿಷ ಬರೆದು ಸಹಿ ಹಾಕಿ ಪಡೆಯುತ್ತಾರೆ. ಎಫ್‌ಐಆರ್ ದಾಖಲಾಗುವುದು ಠಾಣೆಯಲ್ಲೇ, ಆದರೆ ಸುದ್ದಿ ಕೂಡಲೇ ಅಲ್ಲಿಗೆ ಮುಟ್ಟುತ್ತದೆ. ಘಟನೆ ಬೇರೆ ಠಾಣೆಯ ಹದ್ದಿನಲ್ಲಿ ನಡೆದಿದ್ದರೂ ದೂರು ಪಡೆಯಲೇಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ವಿಜಯಪುರ, ಬೆಳಗಾವಿ ಜಿಲ್ಲೆಗಳ ಗಡಿಗೆ ಹತ್ತಿರವಿರುವ ನಮ್ಮಂಥ ತಾಲೂಕಿಗೆ ಇದು ದೊಡ್ಡ ಅನುಕೂಲ.

ಸುಟ್ಟಗಾಯದ ಪ್ರಕರಣದಲ್ಲಿ ಹೊತ್ತು ಇನ್ನೂ ಮುಖ್ಯ. ರೋಗಿ ಪ್ರಜ್ಞೆಯಲ್ಲಿದ್ದು ಹೇಳಿಕೆ ಕೊಡುವ ಸ್ಥಿತಿಯಲ್ಲಿದ್ದಾರೆ ಎಂದು ವೈದ್ಯರು ಬರೆದುಕೊಟ್ಟಾಗಲೇ ಮರಣಪೂರ್ವ ಹೇಳಿಕೆ ದಾಖಲಾಗಬೇಕು. ಮದುವೆಯಾಗಿ ಏಳು ವರ್ಷದೊಳಗಿನ ಹೆಣ್ಣುಮಗಳು ಅನುಮಾನಾಸ್ಪದವಾಗಿ ತೀರಿಕೊಂಡರೆ ಪಂಚನಾಮೆಗೆ ತಹಸೀಲ್ದಾರರು ಬರಬೇಕು. ಈ ಕರೆಗಳು ತಡವಾದಷ್ಟೂ ತವರಿನವರು ಶವಾಗಾರದ ಮುಂದೆ ಕಾದು ಕೂರುತ್ತಾರೆ, ಎರಡು ಮನೆಯವರ ನಡುವೆ ಅಲ್ಲೇ ಕಿಡಿ ಹತ್ತುತ್ತದೆ.

ಎಂಎಲ್‌ಸಿ ಸಾಮಗ್ರಿಗೆಂದು 12,000 ರೂಪಾಯಿ ಇಟ್ಟಿದ್ದೇವೆ. ಕಾಣಲು ಸಣ್ಣ ಮೊತ್ತ, ಆದರೆ ನಮ್ಮ ಮಟ್ಟಿಗೆ ಇದು ಇಡೀ ಪಟ್ಟಿಯಲ್ಲೇ ಅತ್ಯಂತ ಫಲ ಕೊಡುವ ಖರ್ಚು. ರಕ್ತ ಹತ್ತಿದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ, ಪ್ರಯೋಗಾಲಯಕ್ಕೆ ಹೋಗುವಷ್ಟರಲ್ಲಿ ಸಾಕ್ಷ್ಯ ಕೆಟ್ಟಿರುತ್ತದೆ. ನೆರಳಲ್ಲಿ ಆರಿಸಿ, ಒಂದೊಂದು ಬಟ್ಟೆಯನ್ನು ಬೇರೆ ಬೇರೆ ಕಾಗದದ ಚೀಲಕ್ಕೆ ಹಾಕಿ, ಅರಗಿನ ಮುದ್ರೆ ಒತ್ತಿ, ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ಚೀಟಿಯ ಮೇಲೆ ಬರೆಯಬೇಕು. ಚೂರಿ ಇರಿತದ ಅಂಗಿಯನ್ನು ಕತ್ತರಿಸುವಾಗ ತೂತು ಇದ್ದ ಜಾಗ ಬಿಟ್ಟು ಕತ್ತರಿಸಬೇಕು. ಬೆಳೆಗೆ ಹೊಡೆಯುವ ಕೀಟನಾಶಕ ಕುಡಿದು ಬಂದವರ ಬಟ್ಟೆಯಲ್ಲೂ ವಿಷ ಇರುತ್ತದೆ, ಅದು ಚರ್ಮದ ಮೂಲಕ ಒಳಗಿಳಿಯುತ್ತಲೇ ಇರುತ್ತದೆ. ಅದಕ್ಕೇ ಕೈಗವಸು ಹಾಕಿಕೊಂಡು ಬಟ್ಟೆ ತೆಗೆದು ಮೈ ತೊಳೆಯುವುದು ಮೊದಲ ಕೆಲಸ. ಇಲ್ಲಿ ಎಲ್ಲರಿಗೂ ಒಂದು ಬಿನ್ನಹ: ಅಂಥ ರೋಗಿಯನ್ನು ತರುವಾಗ ಕುಡಿದ ಕೀಟನಾಶಕದ ಡಬ್ಬಿಯನ್ನು ತಪ್ಪದೆ ಜೊತೆಗೆ ತನ್ನಿ. ಯಾವ ವಿಷವೆಂದು ತಿಳಿದರೆ ಚಿಕಿತ್ಸೆ ಬೇಗ ದಾರಿ ಹಿಡಿಯುತ್ತದೆ.

ಕ್ಯಾಮೆರಾಗಳಿಗೆ 1,85,000 ರೂಪಾಯಿ. ಇದಕ್ಕಿಂತ ಬಹಳ ಕಡಿಮೆಗೂ ಅಂಗಡಿಯವರು ದರ ಕೊಟ್ಟಿದ್ದಾರೆ. ಅವರು 2 ಟಿಬಿ ಹಾರ್ಡ್ ಡಿಸ್ಕ್ ಹಾಕುತ್ತಾರೆ. ಎರಡು ಮೆಗಾಪಿಕ್ಸೆಲ್ ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಲೆಕ್ಕದಲ್ಲಿ ದಿನಕ್ಕೆ 21.6 ಜಿಬಿ ತುಂಬುತ್ತದೆ, ಹದಿನಾರಕ್ಕೆ ಸುಮಾರು 346 ಜಿಬಿ. 2 ಟಿಬಿ ಡಿಸ್ಕ್ ಆರು ದಿನಕ್ಕೂ ಸಾಲದು, ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ. ತನಿಖಾಧಿಕಾರಿ ಹತ್ತನೇ ದಿನ ಬಂದು ಕೇಳಿದರೆ ಏನೂ ಸಿಗುವುದಿಲ್ಲ. ಮೂವತ್ತು ದಿನ ಉಳಿಯಬೇಕೆಂದರೆ 10.4 ಟಿಬಿ ಬೇಕು, ಅದಕ್ಕೇ 6 ಟಿಬಿಯ ಎರಡು ಡಿಸ್ಕ್. ಕ್ಯಾಮೆರಾವನ್ನು ಎತ್ತರದ ಛಾವಣಿಗೆ ಹಾಕಿದರೆ ಬರೀ ನೆತ್ತಿ ಕಾಣುತ್ತದೆ. ಬಾಗಿಲಲ್ಲಿ ಏಳೆಂಟು ಅಡಿ ಎತ್ತರದಲ್ಲಿರಬೇಕು. ಹೊರಗಿನ ಬಿಸಿಲಿಗೆ ಎದುರಾಗಿ ಇಟ್ಟರೆ ಮುಖ ಕಪ್ಪಾಗುತ್ತದೆ. ಗಡಿಯಾರವೂ ಸರಿ ಇರಬೇಕು: ದಾಖಲಾದ ಹೊತ್ತಿಗೂ ಮೆಮೊದ ಹೊತ್ತಿಗೂ ತಾಳೆಯಾಗದಿದ್ದರೆ ನ್ಯಾಯಾಲಯದಲ್ಲಿ ಪ್ರಶ್ನೆ ಏಳುತ್ತದೆ. ಪ್ರತಿ ಸೋಮವಾರ ಅದನ್ನು ಸರಿಪಡಿಸಿ ಪುಸ್ತಕದಲ್ಲಿ ಬರೆಯುವುದು ಕಾವಲಿನವರ ಕೆಲಸ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರವಿಲ್ಲದೆ ಕ್ಯಾಮೆರಾದ ದೃಶ್ಯ ತುಂಬಿಕೊಟ್ಟ ಪೆನ್‌ಡ್ರೈವಿಗೆ ಬೆಲೆಯಿಲ್ಲ, ಆ ಪ್ರಮಾಣಪತ್ರದ ನಮೂನೆಯನ್ನೂ ಸಿದ್ಧ ಇಡುತ್ತೇವೆ. ಹೆರಿಗೆ ಕೋಣೆ, ತಪಾಸಣೆ ಕೋಣೆ, ವಾರ್ಡುಗಳ ಒಳಗೆ ಕ್ಯಾಮೆರಾ ಇರುವುದಿಲ್ಲ.

ಬೆಂಕಿಯ ಸಲಕರಣೆಗೆ 87,000: ಆರು ಕೆಜಿಯ ಎಬಿಸಿ ಪುಡಿಯ ಸಿಲಿಂಡರ್ 14, ವಿದ್ಯುತ್ ಫಲಕಗಳ ಬಳಿಗೆ ನಾಲ್ಕೂವರೆ ಕೆಜಿಯ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ 6. 2021ರ ಜನವರಿ 9ರಂದು ಮಹಾರಾಷ್ಟ್ರದ ಭಂಡಾರಾ ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಹತ್ತು ಕೂಸುಗಳು ಬೆಂಕಿಗೆ ಬಲಿಯಾದವು. ಆಕ್ಸಿಜನ್ ಹೆಚ್ಚಿರುವ ಕೋಣೆಯಲ್ಲಿ ಸಣ್ಣ ಕಿಡಿಯೂ ಭರ್ರನೆ ಹತ್ತಿಕೊಳ್ಳುತ್ತದೆ. ಒಂದೇ ಎಕ್ಸ್‌ಟೆನ್ಶನ್ ಬಾಕ್ಸಿಗೆ ಮೂರು ಯಂತ್ರ ಚುಚ್ಚುವುದು, ಆಕ್ಸಿಜನ್ ಸಿಲಿಂಡರಿನ ಕವಾಟಕ್ಕೆ ಎಣ್ಣೆ ಅಥವಾ ಗ್ರೀಸ್ ಸವರುವುದು ಎರಡೂ ಅಪಾಯ. ಕೂಸು ಕಳುವಾಗದಿರಲೆಂದು ರಾತ್ರಿ ಬಾಗಿಲಿಗೆ ಬೀಗ ಜಡಿಯುವುದು ಅದಕ್ಕಿಂತ ದೊಡ್ಡ ಅಪಾಯ. ಹಾಗಾಗಿ ಹೆರಿಗೆ ವಾರ್ಡಿಗೆ ಹೊರಗಿನಿಂದ ತೆರೆಯದ, ಒಳಗಿನಿಂದ ಕೀಲಿಯಿಲ್ಲದೆ ತಳ್ಳಿದರೆ ತೆರೆದುಕೊಳ್ಳುವ ಅಗುಳಿ ಹಾಕಿಸುತ್ತೇವೆ.

ಉಳಿದ ಖರ್ಚು: ಹೊರಠಾಣೆ ಕೊಠಡಿಯ ದುರಸ್ತಿ, ಬೆಂಚು, ಕಪಾಟು ಮತ್ತು ಆ ಅಗುಳಿ ಸೇರಿ 1,60,000; ಶವಾಗಾರದ ದಾರಿ ಮತ್ತು ವಾಹನ ನಿಲ್ಲಿಸುವ ಜಾಗಕ್ಕೆ ದೀಪಗಳು 60,000; ಎಂಟು ಕಡೆ ತುರ್ತು ಗುಂಡಿ ಮತ್ತು ಸೈರನ್ 24,000. ಗಾಯಾಳುವನ್ನು ಕರೆತಂದವರ ಹೆಸರು, ವಿಳಾಸ ಕೊಡಲು ಒತ್ತಾಯಿಸುವಂತಿಲ್ಲ ಎಂಬ ಫಲಕವನ್ನು ಕನ್ನಡ, ಮರಾಠಿ, ಉರ್ದುವಿನಲ್ಲಿ ಬರೆಸುತ್ತೇವೆ. ಪೊಲೀಸರ ಗೋಜು ಬೇಡವೆಂದು ರಸ್ತೆಯಲ್ಲಿ ಬಿದ್ದವರನ್ನು ಬಿಟ್ಟು ಹೋಗುವ ಜನ ಇನ್ನೂ ಇದ್ದಾರೆ. ಅವರ ಅಂಜಿಕೆ ಹೋಗಬೇಕು.

ಒಬ್ಬ ಕಾವಲಿನವರ ಒಂದು ತಿಂಗಳ ಸಂಬಳ 22,000, ಒಂದು ದಿನಕ್ಕೆ ಸುಮಾರು 735. ಹುಟ್ಟುಹಬ್ಬಕ್ಕೋ ಹಿರಿಯರ ಪುಣ್ಯತಿಥಿಗೋ ಒಂದು ದಿನದ ಕಾವಲನ್ನು ನೀವು ವಹಿಸಿಕೊಳ್ಳಬಹುದು. ಕ್ಯಾಮೆರಾ, ಸಿಲಿಂಡರ್ ವಸ್ತುರೂಪದಲ್ಲಿ ಕೊಡುವವರು ಬಿಲ್ಲು ಮತ್ತು ವಾರಂಟಿ ಪತ್ರದೊಂದಿಗೆ ಹೊಸದನ್ನೇ ಕೊಡಬೇಕು. ಅವಧಿ ಮೀರಿದ ಸಿಲಿಂಡರ್ ಗೋಡೆಯ ಮೇಲಿದ್ದರೆ ಸುಳ್ಳು ಧೈರ್ಯ ಕೊಡುತ್ತದೆ. ಚೆಕ್ಕು ಟ್ರಸ್ಟಿನ ಹೆಸರಿಗಿರಲಿ, ಹಿಂಬದಿಯಲ್ಲಿ ‘ದವಾಖಾನೆ ಸುರಕ್ಷತೆ’ ಎಂದು ಬರೆಯಿರಿ. ಇದಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ಇದೆ. ತೆರಿಗೆ ವಿನಾಯಿತಿ ಬೇಕಾದವರು 2,000 ರೂಪಾಯಿಗಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಕೊಡಬೇಡಿ, ಪ್ಯಾನ್ ಸಂಖ್ಯೆ ತಿಳಿಸಿ. ಟ್ರಸ್ಟಿನ ಕಚೇರಿಯಲ್ಲಿ ರಸೀದಿ ಪಡೆಯದೆ ಯಾರ ಕೈಗೂ ರೊಕ್ಕ ಕೊಡಬೇಡಿ. ತಿಂಗಳ ಖರ್ಚಿನ ಲೆಕ್ಕವನ್ನು ದವಾಖಾನೆಯ ಹೊರರೋಗಿ ಚೀಟಿ ಕೊಡುವ ಕಿಟಕಿಯ ಪಕ್ಕ ಅಂಟಿಸುತ್ತೇವೆ.

ಟ್ರಸ್ಟಿನ ಅಧ್ಯಕ್ಷರು ಮತ್ತು ಸದಸ್ಯರು