ಗ್ಯಾರೇಜು ಆರಿಸೋದು ನಾವಲ್ವಾ?

ಮಾನ್ಯರೇ,

ಕಳೆದ ತಿಂಗಳು ನೆಲಮಂಗಲದ ಹತ್ತಿರ ಹಿಂದಿನಿಂದ ಬಂದ ಟೆಂಪೊ ನನ್ನ ಕಾರಿಗೆ ಗುದ್ದಿತು. ಡಿಕ್ಕಿಯ ಬಾಗಿಲು ಒಳಕ್ಕೆ ಮಡಚಿಕೊಂಡಿತ್ತು, ಬಂಪರ್ ಒಂದು ಕಡೆ ಜೋತಾಡುತ್ತಿತ್ತು. ವಿಮಾ ಕಂಪನಿಗೆ ಫೋನ್ ಮಾಡಿದರೆ, ‘ನಮ್ಮ ಪಟ್ಟಿಯಲ್ಲಿರುವ ಗ್ಯಾರೇಜಿಗೇ ಒಯ್ಯಿರಿ, ಇಲ್ಲಾಂದ್ರೆ ಕ್ಲೇಮ್ ಕಷ್ಟ’ ಎಂದರು.

ಇದು ಸುಮ್ನೆ ಹೆದರಿಸುವ ಮಾತು. ಪಟ್ಟಿಯ ಗ್ಯಾರೇಜಿನಲ್ಲಿ ಕ್ಯಾಶ್‌ಲೆಸ್ ಅನುಕೂಲ ಇದೆ, ಅಂದರೆ ರಿಪೇರಿ ಹಣವನ್ನು ಕಂಪನಿಯೇ ನೇರವಾಗಿ ಗ್ಯಾರೇಜಿಗೆ ಕೊಡುತ್ತದೆ, ನಿಜ. ಆದರೆ ನಮಗೆ ನಂಬಿಕೆಯಿರುವ ಕಡೆ ರಿಪೇರಿ ಮಾಡಿಸಿ, ಬಿಲ್ ಕೊಟ್ಟು ಹಣ ವಾಪಸ್ ಪಡೆಯಲೂಬಹುದು. ಕಂಪನಿಗೆ ಮೊದಲೇ ತಿಳಿಸಿರಬೇಕು. ಹಾನಿ ಅಂದಾಜು ಮಾಡುವ ಸರ್ವೇಯರ್ ನೋಡುವ ಮುಂಚೆ ಒಂದು ನಟ್ಟೂ ಬಿಚ್ಚಿಸಬಾರದು, ಅಷ್ಟೇ.

ನಾನು ಬಹಳ ವರ್ಷದಿಂದ ಬಲ್ಲ ಟಿಂಕರಿಂಗ್ ಮೇಸ್ತ್ರಿಯ ಹತ್ತಿರವೇ ಹೋದೆ. ಅವರು ಬಾಗಿಲಿನ ಮೇಲೆ ಬೆರಳು ಸವರಿ, ‘ಬದಲಿಸೋದು ಬೇಡ ಸಾರ್, ತಟ್ಟಿ ಎತ್ತಬಹುದು’ ಎಂದರು. ಹಾಗೇ ಮಾಡಿದರು. ಈಗ ಎಲ್ಲಿ ತಗ್ಗಿತ್ತು ಅಂತ ನನಗೇ ಗೊತ್ತಾಗುವುದಿಲ್ಲ. ಬಂಪರ್ ಮಾತ್ರ ಹೊಸದು. ಎಲ್ಲೇ ಮಾಡಿಸಿದರೂ ಪ್ಲಾಸ್ಟಿಕ್ ಭಾಗದ ಬೆಲೆಯಲ್ಲಿ ಶೇ 50ರಷ್ಟನ್ನು ಸವಕಳಿ ಎಂದು ಮುರಿದುಕೊಳ್ಳುತ್ತಾರೆ. ಸವಕಳಿ ಮುರಿದುಕೊಳ್ಳದ ‘ಜೀರೊ ಡೆಪ್ರಿಸಿಯೇಷನ್’ ವಿಮೆ ಮಾಡಿಸದವರು ಈ ಲೆಕ್ಕ ಮರೆಯಬೇಡಿ.

ಎರಡು ದಾರಿ ಇವೆ ಎಂದು ಕಂಪನಿಗಳು ಫೋನಿನಲ್ಲೇ ಬಿಡಿಸಿ ಹೇಳಲಿ. ತಕರಾರಾದರೆ ಮೊದಲು ಕಂಪನಿಗೆ ಬರೆದು ಕೊಡಿ. ಅಲ್ಲಿ ಬಗೆಹರಿಯದಿದ್ದರೆ ಬೆಂಗಳೂರಿನಲ್ಲೇ ವಿಮೆಯ ದೂರುಗಳನ್ನು ವಿಚಾರಿಸುವ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ. ದೂರು ಕೊಡಲು ಶುಲ್ಕ ಇಲ್ಲ.

– ಒಬ್ಬ ಓದುಗ, ತುಮಕೂರು