ಪಲ್ಯದಲ್ಲಿ ಶೇಂಗಾ ಇದ್ದರೆ ಹೇಳಿ

ಮಾನ್ಯ ಸಂಪಾದಕರೇ,

ನಮ್ಮ ಗದಗ ಸೀಮೆಯಲ್ಲಿ ಶೇಂಗಾ ಇಲ್ಲದ ಊಟವೇ ಅಪರೂಪ. ಹಿಂಡಿ (ಚಟ್ನಿಪುಡಿ), ಹೋಳಿಗೆ, ಎಣ್ಣೆಗಾಯಿ ಎಲ್ಲದರಲ್ಲೂ ಅದು ಇರುತ್ತದೆ. ನನ್ನ ಹತ್ತು ವರ್ಷದ ಮಗಳಿಗೆ ಅದೇ ಅಲರ್ಜಿ. ಕಳೆದ ತಿಂಗಳು ಮದುವೆಯೊಂದರಲ್ಲಿ ಬದನೆಕಾಯಿ ಪಲ್ಯ ತಿಂದ ಕೆಲವೇ ನಿಮಿಷಗಳಲ್ಲಿ ಅವಳ ತುಟಿ ಬಾತು, ಉಸಿರಾಟ ಕಷ್ಟವಾಯಿತು. ಬಡಿಸಿದವರು ‘ಶೇಂಗಾ ಹಾಕಿಲ್ಲ’ ಎಂದಿದ್ದರು. ಮಸಾಲೆಯೊಳಗೆ ಅದರ ಪುಡಿ ಇತ್ತು. ಆಸ್ಪತ್ರೆ ಹತ್ತಿರವಿದ್ದುದರಿಂದ ಮಗು ಉಳಿಯಿತು.

‘ಸ್ವಲ್ಪ ಸ್ವಲ್ಪ ತಿನ್ನಿಸಿ, ರೂಢಿಯಾಗುತ್ತದೆ’ ಎನ್ನುವ ಹಿರಿಯರಿಗೆ ಕೈಮುಗಿದು ಹೇಳುತ್ತೇನೆ: ಇದು ಹಾಲು ಕುಡಿದು ಹೊಟ್ಟೆ ಉಬ್ಬರಿಸುವಂಥ ತೊಂದರೆಯಲ್ಲ. ಅಲ್ಲಿ ಹಾಲಿನ ಲ್ಯಾಕ್ಟೋಸ್ ಎಂಬ ಸಕ್ಕರೆ ಜೀರ್ಣವಾಗುವುದಿಲ್ಲ, ಅಷ್ಟೇ. ಇಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ತಿರುಗಿಬೀಳುತ್ತದೆ. ಚಿಟಿಕೆ ಪುಡಿಯೂ ಪ್ರಾಣಕ್ಕೆ ಕುತ್ತು ತರಬಹುದು. ಆಗ ತಕ್ಷಣ ಬೇಕಿರುವುದು ಅಡ್ರಿನಾಲಿನ್ ಚುಚ್ಚುಮದ್ದು, ಮನೆಮದ್ದಲ್ಲ.

ಪೊಟ್ಟಣದ ತಿನಿಸುಗಳ ಮೇಲೆ ಶೇಂಗಾ, ಹಾಲು, ಮೊಟ್ಟೆ, ಸೋಯಾ ಇರುವುದನ್ನು ನಮೂದಿಸಬೇಕೆಂದು 2020ರ ಆಹಾರ ಲೇಬಲ್ ನಿಯಮವಿದೆ. ಪಂಕ್ತಿಯ ಊಟಕ್ಕೆ ಯಾವ ಲೇಬಲ್? ಖಾನಾವಳಿಯವರೂ ಮದುವೆಯ ಅಡುಗೆಯವರೂ ಯಾವುದರಲ್ಲಿ ಏನಿದೆ ಎಂಬುದನ್ನು ಬಡಿಸುವವರಿಗೆ ಮೊದಲೇ ತಿಳಿಸಲಿ. ಶಾಲೆಯ ದಾಖಲಾತಿ ಅರ್ಜಿಯಲ್ಲಿ ಅಲರ್ಜಿಗೊಂದು ಸಾಲು ಇರಲಿ.

– ಒಬ್ಬ ತಾಯಿ, ಗದಗ